ಬರ್ತೀನಿ ಅಂದವಳು

ಆಗಸ್ಟ್ ೨೮

ಅಕ್ಕ,

ನಿನ್ನ ಫೋನಿಗೆ ಏನು ಧಾಡಿ? ಒಂದು ತಿಂಗಳಿಂದ ಮಾಡುತ್ತಲೇ ಇದ್ದೇನೆ, ಅದು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಗುತ್ತದೆ. ಕೊನೆಗೆ ರಿಸೆಪ್ಷನ್ನಿನಿಂದ ಹೋಟೆಲಿನ ಹೆಸರಿರುವ ಕಾಗದ ಎತ್ತಿಕೊಂಡು ಬಂದು, ಹಳೇ ಕಾಲದವರ ಹಾಗೆ ಪತ್ರ ಬರೆಯಲು ಕೂತಿದ್ದೇನೆ. ನಗಬೇಕೆನಿಸಿದರೆ ನಕ್ಕುಬಿಡು.

ಸಿಹಿ ಸುದ್ದಿ ಏನೆಂದರೆ ಈ ಸಲವೂ ಹಬ್ಬಕ್ಕೆ ಬರುತ್ತಿದ್ದೇನೆ. ಇಡೀ ಹೋಟೆಲಿನ ಹಾಸು ಹೊದಿಕೆ ಒಗೆಸುವುದು ನನ್ನ ತಲೆಯ ಮೇಲಿದೆ. ಹಬ್ಬದ ಸಾಲಿನಲ್ಲಿ ಒಂದು ಕೋಣೆಯೂ ಖಾಲಿ ಇರುವುದಿಲ್ಲ. ರಜೆ ಕೇಳಿದಾಗ ಮ್ಯಾನೇಜರನ ಮುಖ ಹಿಂಡಿದ ಬಟ್ಟೆಯ ಹಾಗಾಯಿತು. ಆದರೂ ಬಿಡದೆ ಅವನ ತಲೆ ತಿಂದು ನಾಲ್ಕು ದಿನ ಗಿಟ್ಟಿಸಿದ್ದೇನೆ.

ಅಮ್ಮನ ತಲೆಗೆ ಎಣ್ಣೆ ಹಚ್ಚುವುದು ನನ್ನ ಕೆಲಸ, ನೀನು ಮುಟ್ಟಬಾರದು. ವರ್ಷದಲ್ಲಿ ಈ ನಾಲ್ಕು ದಿನ ಮಾತ್ರ ಅಮ್ಮ ನಗುವುದು ಎಂದು ಹೋದ ಸಲ ನೀನೇ ಹೇಳಿದ್ದೆ. ಅದನ್ನು ನಾನು ಹೊಗಳಿಕೆ ಎಂದೇ ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಗುಬ್ಬಿ ಬರುತ್ತಾಳೆ ಎಂದು ಅವಳಿಗೆ ಈಗಲೇ ಹೇಳಿಬಿಡು, ಖುಷಿಪಡಲಿ.

ನಿನ್ನ ತಂಗಿ

ಸೆಪ್ಟೆಂಬರ್ ೭

ಗುಬ್ಬಿಗೆ,

ಫೋನು ಚೆನ್ನಾಗಿಯೇ ಇದೆ. ನಾನೇ ಎತ್ತುತ್ತಿಲ್ಲ. ಅದರಲ್ಲಿ ನಿನ್ನ ದನಿ ಕೇಳಿದರೆ ಅಮ್ಮ ಎದ್ದು ಬೀದಿಗೆ ಹೊರಡುತ್ತಾಳೆ. ನೀನು ಇಲ್ಲೇ ಹತ್ತಿರದಲ್ಲಿ ಎಲ್ಲೋ ಇದ್ದೀಯ ಎಂದು ಅವಳ ಲೆಕ್ಕ. ಇನ್ನು ಮೇಲೆ ಏನಿದ್ದರೂ ಬರೆ.

ಅವಳ ಮರೆವು ನೀನು ನೋಡಿದ್ದಷ್ಟೇ ಉಳಿದಿಲ್ಲ. ಬೆಳಿಗ್ಗೆ ತಿಂದದ್ದು ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ. ನೆನಪಿರುವುದು ಒಂದೇ. ಹೋದ ವರ್ಷ ಹೊರಡುವಾಗ ನೀನು ಚಪ್ಪಲಿ ಮೆಟ್ಟಿಕೊಂಡು ಅವಳ ಕೆನ್ನೆ ಮುಟ್ಟಿ "ಬರ್ತೀನಮ್ಮ" ಅಂದೆಯಲ್ಲ, ಅದು. ಎಲ್ಲರೂ ಅನ್ನುವ ಮಾತೇ. ಹೊರಡುವವರು ಬರ್ತೀನಿ ಅನ್ನುತ್ತಾರೆ, ಉಳಿಯುವವರು ಹೋಗುತ್ತಿದ್ದಾರೆ ಎಂದು ಅರ್ಥ ಮಾಡಿಕೊಳ್ಳುತ್ತಾರೆ. ಅಮ್ಮನಿಗೆ ಆ ಅರ್ಥ ಈಗ ಆಗುವುದಿಲ್ಲ. ಬರ್ತೀನಿ ಅಂದರೆ ಬರ್ತೀನಿ, ಅಷ್ಟೇ.

ಬೆಳಗಾದರೆ ಗಿರಾಕಿಗಳ ಸ್ಟೂಲನ್ನು ಬಾಗಿಲಿಗೆ ಎಳೆದುಕೊಂಡು ಕೂರುತ್ತಾಳೆ. ಅಳತೆ ಕೊಡಲು ಬಂದವರನ್ನೆಲ್ಲ ಗುಬ್ಬಿ ಸಿಕ್ಕಿದಳಾ ಎಂದು ಕೇಳುತ್ತಾಳೆ. ಊಟಕ್ಕೆ ಕರೆದರೆ ಅವಳು ಬರಲಿ, ಒಟ್ಟಿಗೆ ಕೂರುತ್ತೇವೆ ಅನ್ನುತ್ತಾಳೆ. ತಟ್ಟೆ ಆರಿ ಹೋಗುತ್ತದೆ. ಹೊಲಿಗೆ ಬಿಟ್ಟು ಎದ್ದು ತುತ್ತು ಹಿಡಿದರೂ ಬಾಯಿ ತೆರೆಯುವುದಿಲ್ಲ. ಕೈಬಳೆ ಮೊಣಕೈವರೆಗೆ ಜಾರುತ್ತದೆ, ಅಷ್ಟು ಇಳಿದುಹೋಗಿದ್ದಾಳೆ. ಹೋದ ತಿಂಗಳು ಪ್ಯಾಂಟು ಗಿಡ್ಡ ಮಾಡಿಸಲು ಬಂದವನೊಬ್ಬ ತಮಾಷೆಗೆ, "ಬರ್ತಾ ಇದಾಳೆ ಅಜ್ಜಿ, ತಿರುವಿನಲ್ಲಿ ನೋಡ್ದೆ" ಅಂದ. ಅಮ್ಮ ಎದ್ದೇಬಿಟ್ಟಳು. ಮೆಟ್ಟಿಲು ತಪ್ಪಿ ಬಿದ್ದು ಮುಂಗೈ ಮುರಿಯಿತು. ಅವನ ಪ್ಯಾಂಟು ಇನ್ನೂ ಇಲ್ಲೇ ತೂಗುತ್ತಿದೆ, ಬಂದು ತೆಗೆದುಕೊಳ್ಳಲು ಅವನಿಗೆ ಮುಖವಿಲ್ಲ.

ನೀನು ಬಾ, ಬೇಡ ಅನ್ನುವುದಿಲ್ಲ. ಆದರೆ ಈ ಸಲ ಹೊರಡುವಾಗ ಬರ್ತೀನಿ ಅನ್ನಬೇಡ. ಹೋಗ್ತೀನಿ ಅನ್ನು. ಅವಳು ಕಾಯುವುದು ನಿಲ್ಲಬೇಕು. ನಾನು ಕೇಳುವುದು ಇಷ್ಟೇ.

ಅಕ್ಕ

ಸೆಪ್ಟೆಂಬರ್ ೧೬

ಅಕ್ಕ,

ಅಮ್ಮನ ಕೈ ಮುರಿದದ್ದನ್ನು ಈಗ ಹೇಳುತ್ತೀಯಲ್ಲ, ನಾನೇನು ಬೀದಿಯವಳಾ? ಆ ಹಾಳು ಮೆಟ್ಟಿಲಿಗೆ ಒಂದು ಕಬ್ಬಿಣದ ಕಂಬಿ ಹಾಕಿಸಿದ್ದರೆ ಇದೆಲ್ಲ ಆಗುತ್ತಲೇ ಇರಲಿಲ್ಲ.

ಇನ್ನು ಆ ಮಾತು. ಅದು ನಿನ್ನ ಪೆನ್ನಿನಲ್ಲಿ ಹೇಗೆ ಬಂತು ಅಕ್ಕ? ಅಜ್ಜಿ ನಿನಗೇ ಕಲಿಸಿದ್ದು ಮರೆತೆಯಾ? ಶಾಲೆಗೆ ಹೊತ್ತಾಯಿತೆಂದು ನೀನು "ಹೋಗ್ತೀನಿ" ಎಂದು ಕೂಗಿ ಓಡಿದ್ದಕ್ಕೆ, ಅರ್ಧ ಬೀದಿಯಿಂದ ವಾಪಸು ಕರೆಸಿ, ಕೂರಿಸಿ, ನೀರು ಕುಡಿಸಿ, ಹೋಗಿ ಬರ್ತೀನಿ ಅನ್ನಿಸಿದ ಮೇಲೇ ಬಿಟ್ಟಿದ್ದಳು. "ಹೋಗೋದು ಸತ್ತೋರು ಕಣೇ, ಇದ್ದೋರು ಹೋಗಿ ಬರ್ತಾರೆ" ಅಂದಿದ್ದಳು. ಅದನ್ನು ಈಗ ನಾನು ನನ್ನ ಬಾಯಿಂದ, ಅದೂ ಹಬ್ಬದ ದಿನಗಳಲ್ಲಿ, ಹೆತ್ತವಳಿಗೆ ಹೇಳಬೇಕೇ?

ಕೋಪ ಮಾಡಿಕೊಳ್ಳಬೇಡ, ನಿನಗೆ ದಣಿವಾಗಿದೆ ಅಷ್ಟೇ. ಹಗಲೆಲ್ಲ ಯಂತ್ರ ತುಳಿದು ತುಳಿದು ಸಣ್ಣದೂ ದೊಡ್ಡದಾಗಿ ಕಾಣುತ್ತಿದೆ. ಕಾಯುವುದರಲ್ಲೂ ಒಂದು ಸುಖ ಇರುತ್ತದೆ, ಅಮ್ಮನಿಗೆ ಅದಾದರೂ ಇರಲಿ ಬಿಡು. ತೀರಾ ಕಷ್ಟವಾದರೆ ನಮ್ಮ ಹೋಟೆಲಿನ ಹಿಂದೆಯೇ ವಯಸ್ಸಾದವರ ಆಶ್ರಮವೊಂದಿದೆ, ಚೆನ್ನಾಗಿ ನೋಡಿಕೊಳ್ಳುತ್ತಾರಂತೆ. ಅವರ ಹೊದಿಕೆಗಳೂ ನಮ್ಮಲ್ಲೇ ಒಗೆಯುವುದು. ವಿಳಾಸ ಇದರ ಜೊತೆ ಇಟ್ಟಿದ್ದೇನೆ.

ತಂಗಿ

ಸೆಪ್ಟೆಂಬರ್ ೨೫

ಗುಬ್ಬಿಗೆ,

ಕಂಬಿ ಹಾಕಿಸಲು ಮನೆಯ ಮಾಲೀಕರು ಒಪ್ಪುವುದಿಲ್ಲ. ಆಶ್ರಮದ ವಿಳಾಸ ನಿನ್ನ ಹತ್ತಿರವೇ ಇರಲಿ, ಮುಂದೆ ನಿನಗೇ ಬೇಕಾಗುತ್ತದೆ.

ಕಾಯುವುದರಲ್ಲಿ ಸುಖವಿದೆ ಎಂದು ಬರೆದಿದ್ದೀಯ. ಅದು ಹೇಗಿರುತ್ತದೆ ಕೇಳು. ಕತ್ತರಿಗಳನ್ನು ಸಾಣೆಗೆ ಕೊಟ್ಟು ಬರಲು ಹೋಗಿದ್ದೆ. ಬಂದರೆ ಸ್ಟೂಲು ಖಾಲಿ. ಇಡೀ ಬೀದಿ ಹುಡುಕಿ ಕೊನೆಗೆ ಬಸ್ ನಿಲ್ದಾಣದಲ್ಲಿ ಸಿಕ್ಕಳು. ಉರಿಬಿಸಿಲಲ್ಲಿ ಬರಿಗಾಲು, ಬಟ್ಟೆಯಲ್ಲೇ ಒದ್ದೆ ಮಾಡಿಕೊಂಡಿದ್ದಳು, ಸುತ್ತ ಜನ. ಕೈ ಹಿಡಿದೆ. ಕೊಸರಿಕೊಂಡು, "ನೀನ್ಯಾಕೆ ಬಂದೆ? ಗುಬ್ಬಿ ಎಲ್ಲಿ?" ಅಂದಳು. ಮನೆಗೆ ಕರೆತಂದು ತೊಳೆದು ಬಟ್ಟೆ ಬದಲಿಸುವಾಗಲೂ ಅದೇ ಪ್ರಶ್ನೆ.

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ, ಯಾರಿಗೆ ಹೇಳಿದ್ದೋ ಗೊತ್ತಿಲ್ಲ, ನನಗೆ ಸರಿಯಾಗಿ ಹೊಂದುತ್ತದೆ. ನಿನಗೆ ಗುಬ್ಬಿ ಎಂದು ಹೆಸರಿಟ್ಟಳು, ನನಗೆ ಒಂದು ಅಡ್ಡಹೆಸರೂ ಇಲ್ಲ. ದೊಡ್ಡವಳು, ಅಷ್ಟೇ. ನೀನು ಹೋದೆ, ಆದ್ದರಿಂದ ವರ್ಷವರ್ಷವೂ ಬರುತ್ತೀಯ. ನಾನು ಈ ಮನೆ ಬಿಟ್ಟು ಎಲ್ಲಿಗೂ ಹೋಗಲಿಲ್ಲ, ಹಾಗಾಗಿ ಯಾವತ್ತೂ ಬರಲಿಲ್ಲ. ಬರದವಳ ದಾರಿ ಯಾರು ನೋಡುತ್ತಾರೆ?

ಆ ಒಂದು ಮಾತು ಹೇಳುವುದಾದರೆ ಬಾ. ಇಲ್ಲದಿದ್ದರೆ ಹೋಟೆಲಿನವರ ಹೊದಿಕೆ ಒಗೆಸಿಕೊಂಡು ಅಲ್ಲೇ ಇರು. ಇನ್ನೊಮ್ಮೆ ಅವಳು ಹೀಗೆ ಹೊರಟು ಬಸ್ಸಿನ ಕೆಳಗೆ ಸಿಕ್ಕರೆ ಹೆಣ ಎತ್ತಲು ನಾಲ್ಕು ದಿನದ ರಜೆ ಸಾಲುವುದಿಲ್ಲ.

ಅಕ್ಕ

ಅಕ್ಟೋಬರ್ ೩

ಅಕ್ಕ,

ಆಯಿತು ತಾಯಿ, ಹೇಳುತ್ತೇನೆ. ಹತ್ತು ಸಲ ಓದಿದೆ ನಿನ್ನ ಪತ್ರ. ಅಮ್ಮನಿಗೆ ಒಳ್ಳೆಯದಾಗುವುದಾದರೆ ಒಂದು ಮಾತಿನಿಂದ ನಾನೇನೂ ಸವೆಯುವುದಿಲ್ಲ. ಹೇಗಿದ್ದರೂ ಮಾರನೇ ದಿನಕ್ಕೆ ಮರೆಯುತ್ತಾಳೆ. ಹಬ್ಬದ ಹಿಂದಿನ ದಿನ ಬರುತ್ತೇನೆ. ಬಂದ ಮೇಲೆ ಮುಖ ಊದಿಸಿಕೊಂಡಿರಬೇಡ.

ತಂಗಿ

ಅಕ್ಟೋಬರ್ ೨೧

ಅಕ್ಕ,

ಹೋಟೆಲಿಗೆ ವಾಪಸು ಬಂದು ತಲುಪಿದೆ. ತಲುಪಿದಾಗಿನಿಂದ ಕೆಲಸದಲ್ಲಿ ಕೈ ನಿಲ್ಲುತ್ತಿಲ್ಲ.

ಅಮ್ಮ ಹೇಗಿದ್ದಾಳೆ? ನನ್ನ ಚಪ್ಪಲಿಯ ಸದ್ದಿಗೇ ಎದ್ದು ನಿಂತಳಲ್ಲ, ನಾನಿನ್ನೂ ಮೆಟ್ಟಿಲನ್ನೇ ಹತ್ತಿರಲಿಲ್ಲ. ಬೀದಿ ತುಂಬ ಬಣ್ಣದ ದೀಪ, ಅಂಗಡಿಗಳ ಗಲಾಟೆ, ಹೊಸಬಟ್ಟೆಯ ಜನ, ಅಷ್ಟರ ನಡುವೆ ನನ್ನ ಹೆಜ್ಜೆ ಅವಳಿಗೆ ಕೇಳಿಸಿತು. ಎಣ್ಣೆ ಹಚ್ಚುವಾಗ ನನ್ನ ಮಡಿಲಲ್ಲಿ ತಲೆಯಿಟ್ಟು ಮಗುವಿನ ಹಾಗೆ ನಿದ್ದೆ ಹೋದಳು. ತಟ್ಟೆ ತುಂಬ ತಿಂದಳು. ನೀನು ಬರೆದದ್ದೆಲ್ಲ ಉತ್ಪ್ರೇಕ್ಷೆ ಎಂದು ಆ ನಾಲ್ಕು ದಿನ ನನಗೆ ಅನ್ನಿಸಿದ್ದು ಸುಳ್ಳಲ್ಲ.

ಆಮೇಲೆ ಆ ಬೆಳಿಗ್ಗೆ. ನೀನು ಕೊರಳಿಗೆ ಟೇಪು ಹಾಕಿಕೊಂಡು ಕತ್ತರಿಸುವ ಮೇಜಿನ ಹತ್ತಿರ ನಿಂತಿದ್ದೆ, ಕೈಯಲ್ಲಿ ಸೀಮೆಸುಣ್ಣ. ನಾನು ಎರಡು ಸಲ ನಿನ್ನ ಮುಖ ನೋಡಿದೆ, ಬೇಡ ಅನ್ನುತ್ತೀಯೇನೋ ಎಂದು. ನೀನು ಬಟ್ಟೆಯ ಮೇಲೆ ಗೆರೆ ಎಳೆಯುತ್ತಲೇ ಇದ್ದೆ. "ಹೋಗ್ತೀನಮ್ಮ" ಅಂದೆ. ಅಮ್ಮ ಸರಿಯಾಗಿ ಕೇಳಿಸಲಿಲ್ಲವೇನೋ ಎಂಬಂತೆ, "ಹೋಗ್ತೀಯಾ?" ಅಂದಳು. ಹೂಂ ಅಂದೆ. ಹಿಡಿದಿದ್ದ ನನ್ನ ಕೈ ಬಿಟ್ಟಳು ಅಕ್ಕ. ತಾನೇ ಬೆರಳು ಒಂದೊಂದಾಗಿ ಬಿಡಿಸಿಕೊಂಡು ಬಿಟ್ಟಳು. ಮೂಲೆ ತಿರುಗುವಾಗ ಹಿಂದೆ ನೋಡಿದೆ, ಬಾಗಿಲಲ್ಲಿ ಯಾರೂ ಇರಲಿಲ್ಲ. ನನ್ನ ಜನ್ಮದಲ್ಲೇ ಆ ಬಾಗಿಲು ಹಾಗೆ ಖಾಲಿ ಇದ್ದದ್ದನ್ನು ನೋಡಿರಲಿಲ್ಲ.

ಬೇಗ ಬರೆ.

ತಂಗಿ

ನವೆಂಬರ್ ೨

ಗುಬ್ಬಿಗೆ,

ಅಮ್ಮ ಚೆನ್ನಾಗಿದ್ದಾಳೆ. ಬಾಗಿಲಿಗೆ ಹೋಗುವುದಿಲ್ಲ. ಹೊತ್ತುಹೊತ್ತಿಗೆ ಊಟ ಮಾಡುತ್ತಾಳೆ. ಹಬ್ಬ ಮುಗಿದರೂ ಹಬ್ಬಕ್ಕೆಂದು ಕೊಟ್ಟ ಬಟ್ಟೆಗಳ ರಾಶಿ ಕರಗಿಲ್ಲ, ಗಿರಾಕಿಗಳು ಬೈಯುತ್ತಿದ್ದಾರೆ. ಫೋನ್ ಮಾತ್ರ ಮಾಡಬೇಡ.

ಅಕ್ಕ

ನವೆಂಬರ್ ೧೪

ಅಕ್ಕ,

ನಿನ್ನ ಪತ್ರ ಬಂದ ದಿನ ಖುಷಿಯಿಂದ ಅಮ್ಮನಿಗೆಂದು ಒಂದು ಶಾಲು ಕೊಂಡೆ. ನೀನೇ ಸರಿ, ನಾನು ಸುಮ್ಮನೆ ಹಠ ಮಾಡಿದೆ ಎಂದು ಬರೆಯಬೇಕೆಂದಿದ್ದೆ.

ನಿನ್ನೆ ಲಾಂಡ್ರಿಯ ಫೋನು ಬಡಿದುಕೊಂಡಿತು. ನಾನೇ ಎತ್ತಿದೆ. ನಮ್ಮ ಚಿಕ್ಕಮ್ಮ. ನನ್ನ ಹೆಸರು ಹೇಳಿ, ಅವಳ ಜೊತೆ ಕೆಲಸ ಮಾಡುತ್ತಿದ್ದವರು ಯಾರಾದರೂ ಇದ್ದರೆ ಕೊಡಿ ಎಂದು ಅಳುತ್ತಾ ಕೇಳಿದಳು. ಏನಾಯಿತು ಚಿಕ್ಕಮ್ಮ, ನಾನೇ ಮಾತಾಡ್ತಿರೋದು ಅಂದೆ. ನೀನೇನಾ ಎಂದು ಎರಡು ಸಲ ಕೇಳಿದಳು. ಆಮೇಲೆ, "ನೀನು ಹೋದೆಯಂತಲ್ಲೇ" ಅಂದಳು. ಮೊದಲು ನನಗೆ ನಗು ಬಂತು. ನನ್ನ ಸಾವಿಗೆ ನನ್ನನ್ನೇ ಮಾತಾಡಿಸಲು ಬಂದವಳು ಅವಳೊಬ್ಬಳೇ ಇರಬೇಕು.

ಅಮ್ಮನನ್ನು ನೋಡಲು ಬಂದಿದ್ದಳಂತೆ. ಅಮ್ಮ ಅವಳ ಹೆಗಲ ಮೇಲೆ ಬಿದ್ದು, ಗುಬ್ಬಿ ಹೋಗಿಬಿಟ್ಟಳು ಎಂದು ಅತ್ತಳಂತೆ. ನೀನು ಅಲ್ಲೇ ಯಂತ್ರದ ಮುಂದೆ ಕೂತಿದ್ದೆಯಂತೆ. ತಲೆ ಎತ್ತಲಿಲ್ಲವಂತೆ. ಇಲ್ಲ ಎಂದು ಒಂದು ಮಾತು ಆಡಲಿಲ್ಲವಂತೆ.

ಅಕ್ಕ, ಅಮ್ಮ ನನ್ನನ್ನು ಸತ್ತಳು ಅಂದುಕೊಂಡಿದ್ದಾಳೆ. ನಿನಗೆ ಅದು ಗೊತ್ತು. ಗೊತ್ತಿದ್ದೂ, ಚೆನ್ನಾಗಿದ್ದಾಳೆ ಎಂದು ಬರೆದೆ. ಕೂಡಲೇ ಅವಳಿಗೆ ನಿಜ ಹೇಳು. ಇಲ್ಲದಿದ್ದರೆ ನಾನೇ ಬಂದು ಹೇಳುತ್ತೇನೆ.

ನವೆಂಬರ್ ೨೨

ಗುಬ್ಬಿಗೆ,

ನಾನು ಯಾವ ಸುಳ್ಳನ್ನೂ ಹೇಳಿಲ್ಲ. ನೀನು ಹೊರಟ ಮೇಲೆ ಅಮ್ಮ ಒಳಕೋಣೆ ಸೇರಿ ಹೊರಗೆ ಬರಲೇ ಇಲ್ಲ. ಎರಡು ದಿನ ಬಿಟ್ಟು, ನಾನು ತೋಳು ಜೋಡಿಸುತ್ತಿದ್ದಾಗ ಗೋಡೆ ಹಿಡಿದುಕೊಂಡು ಬಂದು, "ಗುಬ್ಬಿ ಹೋದ್ಲಾ?" ಅಂದಳು. ನಾನು "ಹೋದ್ಲಮ್ಮ" ಅಂದೆ. ನೀನು ಹೋದದ್ದು ನಿಜ ತಾನೇ? ಆ ಮಾತಿಗೆ ಎರಡು ಅರ್ಥವಿದ್ದರೆ ಅದು ನನ್ನ ತಪ್ಪಲ್ಲ. ಅವಳು ಯಾವ ಅರ್ಥ ತೆಗೆದುಕೊಂಡಳು ಎಂಬುದು ಅವಳ ಮುಖದಲ್ಲೇ ಕಂಡಿತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ತಿದ್ದಬಹುದಿತ್ತು. ಬಾಯಿ ತೆರೆದೆ ಕೂಡ.

ಅಷ್ಟರಲ್ಲಿ ಅವಳು ಯಂತ್ರದ ಪಕ್ಕ ನೆಲದ ಮೇಲೆ ಕೂತು, ನನ್ನ ಮೊಣಕಾಲಿಗೆ ತಲೆ ಆನಿಸಿ ಅಳತೊಡಗಿದಳು. ನನಗೆ ಬುದ್ಧಿ ಬಂದಾಗಿನಿಂದ ಅವಳು ನನ್ನನ್ನು ಒರಗಿಕೊಂಡದ್ದು ಅದೇ ಮೊದಲು. ತಲೆ ಸವರಿದೆ. ನೀನು ಹಚ್ಚಿದ ಎಣ್ಣೆ ಇನ್ನೂ ಇತ್ತು, ನನ್ನ ಕೈಗೆ ಅಂಟಿತು. ತುಂಬ ಹೊತ್ತಿನ ಮೇಲೆ, "ನಂಗೆ ನೀನೊಬ್ಳೇ ಉಳ್ದೆ" ಅಂದಳು. ಆಮೇಲೆ ಹಸಿವು ಅಂದಳು. ಕಲಸಿ ಕೊಟ್ಟೆ, ಎಲ್ಲವನ್ನೂ ತಿಂದಳು.

ಇನ್ನು ನಾನು ಏನನ್ನು ತಿದ್ದಲಿ? ಈಗ ಅವಳು ನನ್ನ ಹಿಂದೆಯೇ ಓಡಾಡುತ್ತಾಳೆ. ಸೂಜಿಗೆ ದಾರ ಪೋಣಿಸಿಕೊಡಲು ಹೋಗಿ ಬೆರಳು ಚುಚ್ಚಿಕೊಳ್ಳುತ್ತಾಳೆ. ಒಂದೊಂದು ದಿನ ಮರೆತು, ಗುಬ್ಬಿ ಎಲ್ಲಿ ಎಂದು ಮತ್ತೆ ಕೇಳುತ್ತಾಳೆ. ನಾನು ಮತ್ತೆ ಹೇಳುತ್ತೇನೆ. ಮತ್ತೆ ನನ್ನ ಮೊಣಕಾಲಿಗೆ ಬರುತ್ತಾಳೆ.

ನೀನು ಬರಬೇಡ. ಸತ್ತವಳು ಬಾಗಿಲಲ್ಲಿ ನಿಂತರೆ ಆ ಮುದುಕಿಯ ಎದೆ ಒಡೆಯುತ್ತದೆ. ಅಷ್ಟಾದರೂ ಯೋಚಿಸು.

ಅಕ್ಕ

ಡಿಸೆಂಬರ್ ೩

ಅಕ್ಕ,

ನಾನು ಬಂದಿದ್ದೆ. ನೀನು ಮನೆಯಲ್ಲಿರಲಿಲ್ಲ.

ಅಮ್ಮ ಬಾಗಿಲಲ್ಲೇ ಸ್ಟೂಲಿನ ಮೇಲೆ ಕೂತಿದ್ದಳು. ದೂರದಿಂದ ನೋಡಿದಾಗಲೇ ಕಣ್ಣು ತುಂಬಿ ಬಂತು. ನೋಡು, ನನ್ನನ್ನೇ ಕಾಯುತ್ತಿದ್ದಾಳೆ, ಅಕ್ಕ ಬರೆದದ್ದೆಲ್ಲ ಹೊಟ್ಟೆಕಿಚ್ಚಿನ ಮಾತು ಅಂದುಕೊಂಡು ಓಡಿದೆ. ಚಪ್ಪಲಿ ಪಟಪಟ ಸದ್ದು ಮಾಡಿತು. ಅವಳು ಏಳಲಿಲ್ಲ. ನನ್ನನ್ನು ದಾಟಿ ಬೀದಿಯ ಆ ತುದಿಯನ್ನು ನೋಡುತ್ತಿದ್ದಳು. ಮೆಟ್ಟಿಲಿನ ಪಕ್ಕ ಹೊಸ ಕಂಬಿ ಇತ್ತು, ಹಸಿರು ಬಣ್ಣ ಇನ್ನೂ ಹೊಳೆಯುತ್ತಿತ್ತು. ಅದನ್ನೇ ಹಿಡಿದುಕೊಂಡು ನಿಂತೆ.

ಅಳತೆ ಕೊಡಬೇಕಾ, ಕೂತುಕೊಳ್ಳಿ ಅಂದಳು. "ನಮ್ಮ ದೊಡ್ಡೋಳು ಗುಂಡಿ ತರೋಕೆ ಹೋಗಿದಾಳೆ. ಬರ್ತೀನಿ ಅಂದಿದಾಳೆ." ನಾನು ಅವಳ ಕಾಲ ಬಳಿ ಕೂತು, ಅಮ್ಮ, ನಾನು ಗುಬ್ಬಿ ಅಂದೆ. ಅವಳು ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. "ಹಂಗೇ ಇದೀಯಮ್ಮ" ಅಂದಳು. "ಆದ್ರೆ ಅವಳು ಹೋದ್ಲು. ನನಗೇ ಹೇಳಿ ಹೋದ್ಲು." ಆಮೇಲೆ ನನ್ನ ಕಣ್ಣು ಒರೆಸಿ, ನಿಮ್ಮ ಮನೆಯಲ್ಲಿ ಯಾರು ಹೋದರು ಎಂದು ಕೇಳಿದಳು. ಎದೆ ಒಡೆಯುತ್ತದೆ ಎಂದು ಬರೆದಿದ್ದೆಯಲ್ಲ, ಏನೂ ಒಡೆಯಲಿಲ್ಲ ಅಕ್ಕ. ಅವಳದ್ದಂತೂ ಅಲ್ಲ.

ಶಾಲನ್ನು ಅವಳ ಮಡಿಲಲ್ಲಿಟ್ಟು ಎದ್ದೆ. ಗಿರಾಕಿಗಳಿಗೆ ಅನ್ನುವ ಹಾಗೆ "ಹೋಗಿ ಬನ್ನಿ" ಅಂದಳು. ಅಭ್ಯಾಸ ನೋಡು, ನಾನೂ "ಬರ್ತೀನಿ" ಅಂದುಬಿಟ್ಟೆ.

ಆಗ ನಿನ್ನನ್ನು ಕಂಡೆ. ನೀನು ಎಲ್ಲೂ ದೂರ ಇರಲಿಲ್ಲ. ರಸ್ತೆಯ ಆಚೆ ಬದಿ, ಚಹಾ ಅಂಗಡಿಯ ಬೆಂಚಿನ ಮೇಲೆ, ಗುಂಡಿಯ ಪೊಟ್ಟಣ ಪಕ್ಕದಲ್ಲಿಟ್ಟುಕೊಂಡು ಕೂತಿದ್ದೆ. ನಿನಗೆ ಆತುರವೇ ಇರಲಿಲ್ಲ. ನೀನು ನನ್ನನ್ನೂ ನೋಡಲಿಲ್ಲ. ಅವಳು ನಿನ್ನ ದಾರಿ ನೋಡುವುದನ್ನು ನೋಡುತ್ತಿದ್ದೆ. ಲೋಟ ಖಾಲಿಯಾದ ಮೇಲೆ ಇನ್ನೊಂದು ಕೇಳಿದೆ.

ಕಾಯುವುದು ನಿಲ್ಲಬೇಕು ಅಂದೆಯಲ್ಲ ಅಕ್ಕ. ಅದಕ್ಕೆ ನನ್ನ ಬಾಯಿಂದ ಆ ಮಾತು ಆಡಿಸಿದೆಯಲ್ಲ. ಯಾಕೆ?

ಡಿಸೆಂಬರ್ ೧೧

ಗುಬ್ಬಿಗೆ,

ಯಾಕೆ ಎಂದು ಕೇಳಿದ್ದೀಯ, ಹೇಳುತ್ತೇನೆ. ಮೊದಮೊದಲು ಅದು ಅವಳ ಊಟಕ್ಕಾಗಿಯೇ ಇತ್ತು, ನಂಬಿದರೆ ನಂಬು. ಆಮೇಲೆ ಒಂದು ದಿನ ದಾರ ಮುಗಿದು ಅಂಗಡಿಗೆ ಹೊರಟೆ. ಬರ್ತೀನಿ ಅಂದೆ, ಏನೂ ಯೋಚಿಸದೆ. ವಾಪಸು ಬರುವಾಗ ನೋಡಿದರೆ ಅವಳು ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದಾಳೆ. ನನ್ನನ್ನು ಕಂಡು ಎದ್ದು ನಿಂತಳು. ನಾನು ಹಿಂದೆ ತಿರುಗಿ ನೋಡಿದೆ, ನೀನೇನಾದರೂ ಬರುತ್ತಿದ್ದೀಯಾ ಎಂದು. ಯಾರೂ ಇರಲಿಲ್ಲ.

ಈಗ ದಿನವೂ ಏನಾದರೊಂದು ಮುಗಿಯುತ್ತದೆ. ಗುಂಡಿ, ದಾರ, ಜಿಪ್ಪು. ಚಹಾ ಕುಡಿಯುತ್ತೇನೆ, ನಿಜ. ಒಂದೊಂದು ದಿನ ಎರಡು ಲೋಟ. ನಿನಗೆ ಹುಟ್ಟಿದಾಗಿನಿಂದ ಸಿಕ್ಕಿದ್ದು ನನಗೆ ಈಗ ಸಿಕ್ಕಿದೆ, ಬೇಗ ಮುಗಿಸಿಕೊಳ್ಳಲು ಮನಸ್ಸು ಬರುವುದಿಲ್ಲ. ಬಿದ್ದಾಳು ಎಂದು ಹೆದರಬೇಡ. ಮಾಲೀಕರು ಕಂಬಿಗೆ ಬೇಡ ಅಂದಿರಲೇ ಇಲ್ಲ, ಆಗ ನಾನು ಕೇಳಿಯೇ ಇರಲಿಲ್ಲ. ಕೇಳಿದ ದಿನವೇ ಒಪ್ಪಿದರು.

ನಿನ್ನ ಶಾಲಿನ ವಿಷಯ. ಅದನ್ನು ಅಮ್ಮ ಹೊದೆಯಲಿಲ್ಲ. ಯಾರೋ ಗಿರಾಕಿ ಮರೆತು ಹೋಗಿದ್ದಾರೆ, ಬರ್ತೀನಿ ಅಂದಿದ್ದಾರೆ ಎಂದು ಮಡಿಸಿ ಇಟ್ಟುಕೊಂಡಿದ್ದಳು. ಬಾಗಿಲಲ್ಲಿ ಕೂತಾಗ ಅದನ್ನೂ ಮಡಿಲಲ್ಲಿಟ್ಟುಕೊಳ್ಳುತ್ತಿದ್ದಳು. ನಿನ್ನೆ ನಾನು ಬಂದು ಎದುರಿಗೆ ನಿಂತಿದ್ದರೂ ನನ್ನ ಹೆಗಲ ಆಚೆ ನೋಡುತ್ತಾ, "ಆ ಶಾಲಿನೋಳು ಬರ್ಲೇ ಇಲ್ವಲ್ಲ" ಅಂದಳು.

ಅವಳೂ ಹೋದಳಂತಮ್ಮ ಅಂದೆ.

ಅಮ್ಮ ಮಡಿಕೆ ಬಿಚ್ಚಿ, ಶಾಲನ್ನು ಕೊಡವಿ ನನಗೆ ಹೊದಿಸಿದಳು. ಬೆಚ್ಚಗಿದೆ.

ಅಕ್ಕ